ಬೋರ್ಡಣ್ಣನ ಬಲಭುಜ

ಬೋರ್ಡಣ್ಣ ಮೂವತ್ತೊಂದು ವರ್ಷದಿಂದ ಅಂಗಡಿಗಳ ಹಣೆಯ ಮೇಲೆ ಅಕ್ಷರ ಬರೆಯುತ್ತಿದ್ದವನು. ಏಣಿಯ ಮೇಲೆ ನಿಂತು, ಸ್ಕೇಲು ಮುಟ್ಟದೆ, ಒಂದೇ ಉಸಿರಿನಲ್ಲಿ ಅವನು ಎಳೆದ ಗೆರೆಗೆ ಆಮೇಲೆ ಯಾರಾದರೂ ದಾರ ಹಿಡಿದು ನೋಡಿದರೂ ಕೂದಲೆಳೆಯಷ್ಟು ಡೊಂಕು ಸಿಗುತ್ತಿರಲಿಲ್ಲ. ಆದರೆ ಮನುಷ್ಯರ ಚಿತ್ರ ಎಂದರೆ ಅವನ ಕೈಕಾಲು ಆಡುತ್ತಿರಲಿಲ್ಲ. ಈ ಗುಟ್ಟು ಹೊರಗೆ ಬೀಳದಂತೆ ಅಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಅವನ ಕಸುಬಿನ ಅರ್ಧ ಭಾಗ ಎನ್ನಬಹುದು. ಕ್ಷೌರದಂಗಡಿಯ ಬೋರ್ಡಿನಲ್ಲಿ ಗಿರಾಕಿಗೆ ಕುತ್ತಿಗೆಯಿಂದ ಪಾದದವರೆಗೆ ಬಿಳಿ ಬಟ್ಟೆ ಹೊದಿಸಿಬಿಟ್ಟಿದ್ದ. ಹಲ್ಲಿನ ಡಾಕ್ಟರಿಗೆ ಬರೀ ಹಲ್ಲು. ಕಾರು ಕಲಿಸುವ ಶಾಲೆಗೆ ಚೆಂದದ ಕಾರು ಬರೆದು, ಒಳಗೆ ಕೂತವರು ಕಾಣದಂತೆ ಗಾಜಿಗೆ ಕಪ್ಪು ಬಳಿದಿದ್ದ. ಈಜುಕೊಳದ ಬೋರ್ಡಿನಲ್ಲಿ ನೀಲಿ ನೀರಿನ ಮೇಲೆ ಮೂರು ತಲೆಗಳು ಮಾತ್ರ ತೇಲುತ್ತಿದ್ದವು. ಅದು ಈಜು ಕಲಿಸುವ ಜಾಗವೋ ಮುಳುಗುವ ಜಾಗವೋ ಎಂದು ಕೇಳಿದವರೂ ಉಂಟು. ಸ್ವಂತ ಅಕ್ಕನ ಹೊಲಿಗೆ ಅಂಗಡಿಗೂ ಅವನು ಬರೆದುಕೊಟ್ಟದ್ದು ಹ್ಯಾಂಗರಿಗೆ ತೂಗುಹಾಕಿದ ಒಂದು ಕೋಟು.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ ಅವನನ್ನು ಎತ್ತಿ, ಉಣ್ಣಿಸಿ, ಬೇಕಾದಾಗ ಹೊಡೆದು ದೊಡ್ಡವನನ್ನಾಗಿ ಮಾಡಿದವಳು. ಕೆಳಗೆ ಮುಂಭಾಗದಲ್ಲಿ ಅವಳ ಅಂಗಡಿ, ಹಿಂಭಾಗದಲ್ಲಿ ಅವನ ಬಣ್ಣದ ಡಬ್ಬಗಳ ಕೋಣೆ, ಮೇಲೆ ಎಲ್ಲರ ಸಂಸಾರ. ಸಂಸಾರ ಎಂದರೆ ಅಕ್ಕ, ಮದುವೆಯ ಗೋಜಿಗೆ ಹೋಗದ ತಮ್ಮ, ಮತ್ತು ಭಾವ. ಭಾವ ಮೂವತ್ತನಾಲ್ಕು ವರ್ಷ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ನಿವೃತ್ತರಾದವರು. ಯಾರು ಯಾವ ಬಸ್ಸಿನ ಬಗ್ಗೆ ಕೇಳಿದರೂ "ಬರುತ್ತೆ" ಎಂದು ಹೇಳಿ ಹೇಳಿ, ಈಗ ಮನೆಯಲ್ಲಿ ಏನು ಕೇಳಿದರೂ ಬಾಯಿಗೆ ಮೊದಲು ಆ ಮಾತೇ ಬರುತ್ತಿತ್ತು.

ಆ ವರ್ಷ ಅಕ್ಕನ ಬಲಭುಜ ಹಿಡಿದುಕೊಂಡಿತು. ಮೊದಲು ನೋವು, ಆಮೇಲೆ ಬಿಗಿತ, ಎಂಟು ತಿಂಗಳ ಹೊತ್ತಿಗೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದನ್ನೇ ಬಿಟ್ಟಿತು. ಅವಳು ಯಾರಿಗೂ ಹೇಳಲಿಲ್ಲ. ಎತ್ತರದ ಗಿರಾಕಿ ಬಂದರೆ, "ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ" ಎಂದು ಉಪಚಾರ ಮಾಡಿ ಕೂರಿಸಿಯೇ ಅಳತೆ ತೆಗೆಯುತ್ತಿದ್ದಳು. ಕೂತವರ ಅಳತೆಗೆ ಹೊಲಿದ ಕೋಟು ನಿಂತಾಗ ಎರಡು ಇಂಚು ಗಿಡ್ಡವಾಗುತ್ತಿತ್ತು. ಒಬ್ಬರು ತಂದು ತೋರಿಸಿದರೆ, "ನೀವು ಕೂತು ಕೆಲಸ ಮಾಡೋರಲ್ವಾ?" ಎಂದು ಅವರನ್ನೇ ದಬಾಯಿಸಿದಳು. ಆದರೆ ಬೋರ್ಡಣ್ಣ ನೋಡಿದ್ದ. ಮೇಲಿನ ಹಲಗೆಯ ಬಟ್ಟೆ ಥಾನುಗಳು ಒಂದೊಂದಾಗಿ ಕೆಳಗಿನ ಹಲಗೆಗೆ ಇಳಿದುಬಂದದ್ದನ್ನೂ, ಮೇಲಿನದು ಖಾಲಿಯಾಗಿ ಧೂಳು ಹಿಡಿದದ್ದನ್ನೂ ನೋಡಿದ್ದ.

ಆಸ್ಪತ್ರೆಯ ವ್ಯಾಯಾಮ ವಿಭಾಗದ ಮೇಡಂ ಒಂದು ಕೆಲಸಕ್ಕೆ ಅವನನ್ನು ಕರೆಸಿದಾಗ ಅವನು ಮೊದಲು ಕೇಳಿದ್ದು ಅಕ್ಕನ ಭುಜದ ವಿಷಯ. ಮೇಡಂ ಚುರುಕಿನ ಹೆಂಗಸು, ವಯಸ್ಸು ಮೂವತ್ತರ ಆಸುಪಾಸು. ಲಕ್ಷಣಗಳನ್ನೆಲ್ಲ ಕೇಳಿಸಿಕೊಂಡು ಹೇಳಿದಳು: "ಕೀಲಿನ ಸುತ್ತ ಇರೋ ಚೀಲ ಬಿಗಿದುಕೊಂಡಿರಬೇಕು. ಕರ್ಕೊಂಡು ಬನ್ನಿ. ಇನ್ನೂ ತಡ ಮಾಡಿದ್ರೆ ಕೈ ಹಾಗೇ ನಿಂತುಬಿಡಬಹುದು. ಆಗ ಮತ್ತಿನ ಔಷಧಿ ಕೊಟ್ಟು ಬಿಡಿಸಬೇಕಾಗುತ್ತೆ."

ಇದನ್ನು ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು.

"ಪ್ರಜ್ಞೆ ತಪ್ಪಿಸಿ ಕೈ ತಿರುಚ್ತಾರಾ? ಹಾಗಾದ್ರೆ ಆ ಕಡೆ ನಾನು ತಲೆ ಹಾಕೂ ಮಲಗಲ್ಲ."

"ಅಕ್ಕಾ, ಹಾಗಲ್ಲ. ಈಗ ಕಸರತ್ತು ಮಾಡಿದ್ರೆ ಅದರ ಅಗತ್ಯ ಬರಲ್ಲ ಅಂದ್ರು."

"ಕಸರತ್ತು ಮನೇಲೇ ಮಾಡ್ಬಹುದಲ್ಲ. ಅವರು ನಿನಗೆ ಹೇಳಿರೋ ಕೆಲಸ ಏನು?"

"ಗೋಡೆ ತುಂಬ ಭುಜದ ಕಸರತ್ತಿನ ಚಿತ್ರ. ಹನ್ನೆರಡು. ನಾನು ಆಗಲ್ಲ ಅಂತ ಹೇಳಬೇಕು ಅಂತಿದ್ದೆ."

"ಯಾಕೆ ಆಗಲ್ಲ? ಬರಿ. ನನಗೂ ಒಂದು ಪ್ರತಿ ಬರ್ಕೊಡು. ನೀನು ಬರೆದದ್ದು ನೋಡ್ಕೊಂಡು ಮಾಡ್ತೀನಿ. ಬೇರೆಯವರು ಬಂದು ನನ್ನ ಕೈ ಮುಟ್ಟೋದು ಬೇಡ."

ಹೀಗೆ ಮೂವತ್ತೊಂದು ವರ್ಷ ಮನುಷ್ಯರಿಂದ ತಪ್ಪಿಸಿಕೊಂಡು ಓಡಾಡಿದ ಬೋರ್ಡಣ್ಣ ಹನ್ನೆರಡು ಮನುಷ್ಯರ ಕೈಗೆ ಸಿಕ್ಕಿಬಿದ್ದ.

ಅಕ್ಷರದವನಿಗೆ ಅಕ್ಷರದ ಉಪಾಯವೇ ಹೊಳೆಯಿತು. ದೊಡ್ಡ ಬೋರ್ಡಿಗೆ ಅಕ್ಷರ ಏರಿಸುವಾಗ ಅವನು ಸಣ್ಣ ಕಾಗದದ ಮೇಲೆ ಚೌಕ ಎಳೆದು, ಗೋಡೆಯ ಮೇಲೂ ಅಷ್ಟೇ ಚೌಕ ಎಳೆದು, ಒಂದೊಂದು ಚೌಕದ ಒಳಗಿನ ಗೆರೆಯನ್ನು ದಾಟಿಸುತ್ತಿದ್ದ. ಈಗ ಮುಚ್ಚಿಹೋದ ಕ್ಷೌರದಂಗಡಿಯಿಂದ ತಂದ ಆಳೆತ್ತರದ ಕನ್ನಡಿಯ ಮೇಲೆ ಸೋಪಿನಿಂದ ಚೌಕ ಎಳೆದ. ಬಾಗಿಲು ಹಾಕಿಕೊಂಡು, ಬನಿಯನ್ನಿನಲ್ಲಿ ನಿಂತು, ಕಣ್ಣು ಕದಲಬಾರದೆಂದು ಗದ್ದವನ್ನು ಏಣಿಯ ಮೆಟ್ಟಿಲಿಗೆ ಊರಿ, ಬಲಗೈ ಎತ್ತುವನು. "ಮೊಣಕೈ ಏಳನೇ ಸಾಲು, ನಾಲ್ಕನೇ ಮನೆ. ಭುಜ ಆರನೇ ಸಾಲು" ಎಂದು ಗಟ್ಟಿಯಾಗಿ ಹೇಳಿಕೊಂಡು, ಕೈ ಇಳಿಸಿ ಓಡಿಹೋಗಿ ಬರೆಯುವನು. ಹೊರಗಿನಿಂದ ಕೇಳಿದರೆ ಒಳಗೆ ಯಾರೋ ಸಿನಿಮಾ ಟಿಕೇಟು ಹಂಚುತ್ತಿರುವಂತೆ ಇತ್ತು. ಹತ್ತು ದಿನದಲ್ಲಿ ಹನ್ನೆರಡು ಚಿತ್ರವೂ ಮುಗಿದವು. ಜೀವನದಲ್ಲಿ ಮೊದಲ ಬಾರಿಗೆ ಅವನ ಮನುಷ್ಯರಿಗೆ ಕೈಗಳಿದ್ದವು. ಕೈಗಳಿಗೆ ಐದೈದೇ ಬೆರಳು. ಒಂದು ಪ್ರತಿ ಆಸ್ಪತ್ರೆಯ ಗೋಡೆಗೆ, ಸಣ್ಣದೊಂದು ಪ್ರತಿ ಅಕ್ಕನ ಹೊಲಿಗೆ ಯಂತ್ರದ ಎದುರಿಗೆ. ಮೇಡಂ ಅದೇ ವಾರ ರಜೆಯ ಮೇಲೆ ಹೋದಳು. "ಗೋಡೆ ನೋಡಿ ಮಾಡ್ತಿರಿ" ಎಂದು ರೋಗಿಗಳಿಗೆ ಹೇಳಿದ್ದಳು.

ಹದಿನೈದು ದಿನ ಬಿಟ್ಟು ಮೇಡಂ ಬಂದು ಬಾಗಿಲು ತೆರೆದರೆ, ಹನ್ನೊಂದು ಜನ ಸಾಲಾಗಿ ನಿಂತು, ಬಲಭುಜವನ್ನು ಕಿವಿಗೆ ಒತ್ತಿಕೊಂಡು ಕೈ ಎತ್ತುತ್ತಿದ್ದರು. ಹನ್ನೊಂದು ಜನರೂ ಒಬ್ಬರಿಗೊಬ್ಬರು ಫೋನು ಮಾಡಿಕೊಂಡು, ಭುಜಕ್ಕೂ ಕಿವಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡು ಮಾತಾಡುತ್ತಿರುವಂತಿತ್ತು. ಸಾಲಿನ ಮೊದಲಿಗರಾಗಿ ನಿಂತಿದ್ದವರು ಒಬ್ಬ ನಿವೃತ್ತ ಪೋಸ್ಟ್ ಮಾಸ್ತರರು. ಲಿಖಿತ ಸೂಚನೆ ಎಂದರೆ ಅಕ್ಷರಶಃ ಪಾಲಿಸುವವರು.

"ಮೇಡಂ, ನಾಲ್ಕು ಚಿತ್ರ ಚೆನ್ನಾಗಿ ಕೂತಿದೆ" ಎಂದರು ಅವರು. "ಐದನೇದು ಮಾತ್ರ ಕಷ್ಟ. ಭುಜ ಅಷ್ಟು ಮೇಲೆ ಬರೋಕೆ ಕುತ್ತಿಗೆ ಅಡ್ಡ ಬರ್ತಿದೆ. ಕುತ್ತಿಗೆಗೆ ಏನಾದ್ರೂ ಮಾಡೋಕಾಗುತ್ತಾ?"

ಬೋರ್ಡಣ್ಣನಿಗೆ ಕರೆ ಹೋಯಿತು. ಮೇಡಂ ಐದನೆಯ ಚಿತ್ರದ ಎದುರು ಅವನನ್ನು ನಿಲ್ಲಿಸಿದಳು.

"ಇದು ಯಾರ ಭುಜ?"

ಗದ್ದವನ್ನು ಏಣಿಗೆ ಊರಿ ಬನಿಯನ್ನಿನಲ್ಲಿ ನಿಂತದ್ದನ್ನು ಹೇಳುವುದು ಹೇಗೆ? ಬೋರ್ಡಣ್ಣ ತಲೆ ತಗ್ಗಿಸಿದ. "ಸಾಮಾನ್ಯವಾಗಿ... ಮನುಷ್ಯರದ್ದು ಮೇಡಂ."

"ಮನುಷ್ಯರ ಭುಜ ಹೀಗೆ ಕಿವೀಲಿ ಗುಟ್ಟು ಹೇಳೋಕೆ ಹೋಗಲ್ಲ ರೀ. ಕೈ ಎತ್ತುವಾಗ ಭುಜ ಕೆಳಗೇ ಇರಬೇಕು. ನಿಮಗೆ ಒಳಗಿನ ಸ್ನಾಯು ಗೊತ್ತಿಲ್ಲ, ಮೇಲಿನ ಗೆರೆ ನೋಡಿ ಬರೆದಿದ್ದೀರಿ, ಅದಕ್ಕೇ ಹೀಗಾಗಿದೆ." ಅವಳು ಕಪಾಟಿನಿಂದ ಬೆನ್ನು ಕಿತ್ತ ದಪ್ಪ ಪುಸ್ತಕವೊಂದನ್ನು ತೆಗೆದು ಅವನ ಕೈಗಿತ್ತಳು. "ಇದನ್ನ ಓದಿ. ಚಿತ್ರಗಳಿವೆ, ಹೆದರ್ಬೇಡಿ. ಒಂದು ತಿಂಗಳೊಳಗೆ ತಿದ್ದಿದ್ರೆ ಸರಿ, ಇಲ್ಲಾಂದ್ರೆ ಗೋಡೆಗೆ ಸುಣ್ಣ ಹೊಡೆಸ್ತೀನಿ."

ಸುಣ್ಣದ ಮಾತು ಅವನಿಗೆ ತಾಗಲೇ ಇಲ್ಲ. ಅವನಿಗೆ ನೆನಪಾದದ್ದು ಹೊಲಿಗೆ ಯಂತ್ರದ ಎದುರಿನ ಸಣ್ಣ ಪ್ರತಿ. ಮನೆಗೆ ಬಂದವನೇ ನೋಡಿದ. ಅಕ್ಕ ಐದನೆಯ ಚಿತ್ರದ ಪ್ರಕಾರ, ಭುಜ ಕಿವಿಗೆ ತಾಗಿಸಿ, ಹಲ್ಲು ಕಚ್ಚಿ ನಿಂತಿದ್ದಳು.

"ಕೈ ಮೇಲೆ ಬಂತಾ ಅಕ್ಕಾ?"

"ಕೈ ಇದ್ದಲ್ಲೇ ಇದೆ. ಕುತ್ತಿಗೆ ಹಿಡ್ಕೊಂಡಿದೆ. ಆದ್ರೆ ನೀನು ಬರೆದ ಹಾಗೇ ಮಾಡ್ತಿದ್ದೀನಿ ನೋಡು, ಒಂಚೂರೂ ವ್ಯತ್ಯಾಸ ಇಲ್ಲ."

ಬೋರ್ಡಣ್ಣ ಆ ಪ್ರತಿಯನ್ನು ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡ. ತಿದ್ದುವವರೆಗೆ ಮಾಡಬಾರದೆಂದ. ಅವಳ ಭುಜಕ್ಕೆ ಉಳಿದಿರುವ ಸಮಯದಲ್ಲಿ ಮೂರು ವಾರವನ್ನು ತನ್ನ ಕುಂಚವೇ ತಿಂದುಹಾಕಿತು ಎಂಬ ಲೆಕ್ಕ ಅವನ ತಲೆಯಲ್ಲಿ ಕೂತುಬಿಟ್ಟಿತು.

ಓದು ಶುರುವಾಯಿತು. ದಿನಕ್ಕೆ ಒಂದೇ ಸ್ನಾಯು ಎಂದು ನಿಯಮ ಮಾಡಿಕೊಂಡ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಯಾವ ಮೂಳೆಯಿಂದ ಹೊರಡುತ್ತದೆ, ಯಾವ ಮೂಳೆಗೆ ಸೇರುತ್ತದೆ, ಬಿಗಿಯಾದರೆ ಏನನ್ನು ಯಾವ ಕಡೆಗೆ ಎಳೆಯುತ್ತದೆ. ಸ್ನಾಯು ಎಳೆಯಬಲ್ಲದೇ ಹೊರತು ತಳ್ಳಲಾರದು ಎಂಬುದು ತಿಳಿದ ದಿನ ಊಟಕ್ಕೆ ಕೂತಾಗ ಅದನ್ನೇ ದೊಡ್ಡ ಸುದ್ದಿಯಂತೆ ಹೇಳಿದ. "ಏನನ್ನಾದ್ರೂ ತಳ್ಳುವಾಗಲೂ ಒಳಗೆ ಯಾವುದೋ ಒಂದು ಎಳೀತಾನೇ ಇರುತ್ತೆ."

"ನಮ್ಮನೆಯವರಲ್ಲಿ ಎರಡೂ ನಡೆಯಲ್ಲ" ಎಂದಳು ಅಕ್ಕ, ಗಂಡನ ಕಡೆ ನೋಡದೆ.

ಆದರೂ ಕೈಗೆ ಸಿಗುವ ಮೈ ಎಂದರೆ ಭಾವನದೇ. ಪುಸ್ತಕವನ್ನು ಮೊಣಕಾಲ ಮೇಲೆ ತೆರೆದಿಟ್ಟುಕೊಂಡು, ಭುಜವನ್ನು ಟೋಪಿಯಂತೆ ಮುಚ್ಚಿಕೊಂಡಿರುವ ಡೆಲ್ಟಾಯ್ಡ್ ಎಂಬ ಸ್ನಾಯುವನ್ನು ಬೋರ್ಡಣ್ಣ ಅವರಲ್ಲಿ ಹುಡುಕಿದ.

"ತೋಳು ಬಿಗಿ ಮಾಡಿ ಭಾವ."

"ಮಾಡಿದ್ದೀನಿ."

"ಇನ್ನೂ ಬಿಗಿ ಮಾಡಿ."

"ಇದೇ ಕೊನೆ."

ಬೋರ್ಡಣ್ಣ ಎರಡು ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿದ. ಹಿಟ್ಟಿನ ಮುದ್ದೆಯಲ್ಲಿ ಉಂಗುರ ಹುಡುಕಿದಂತಾಯಿತು. "ಸಿಗ್ತಾ ಇಲ್ಲವಲ್ಲ ಭಾವ."

"ಬರುತ್ತೆ" ಎಂದರು ಭಾವ, ಸಮಾಧಾನವಾಗಿ.

ಮನೆಯಲ್ಲಿ ಸಿಗದ್ದನ್ನು ಬೀದಿಯಲ್ಲಿ ಹುಡುಕತೊಡಗಿದ. ಬಸ್ಸಿನಲ್ಲಿ ಮುಂದಿನ ಸೀಟಿನವರ ಕುತ್ತಿಗೆಯನ್ನು ದಿಟ್ಟಿಸಿ ನೋಡಿದ್ದಕ್ಕೆ ಇಬ್ಬರು ಎದ್ದು ಬೇರೆ ಸೀಟಿಗೆ ಹೋದರು. ಒಂದು ಬೆಳಗ್ಗೆ ಗ್ಯಾಸ್ ಸಿಲಿಂಡರ್ ಹೊತ್ತು ಮಹಡಿ ಹತ್ತುತ್ತಿದ್ದವನ ಹೆಗಲು ಅದ್ಭುತವಾಗಿ ಕಂಡಿತು. ಒಂದೊಂದು ಸ್ನಾಯುವೂ ಪುಸ್ತಕದಿಂದ ಎದ್ದು ಬಂದಂತಿತ್ತು. ಪೆನ್ಸಿಲು ತೆಗೆದು, "ಇನ್ನೆರಡು ನಿಮಿಷ ಹಾಗೇ ನಿಲ್ತೀಯೇನಪ್ಪಾ?" ಎಂದ. ಅವನು ನಿಂತು, ಬೆವರು ಸುರಿಯುವ ಮುಖವನ್ನು ನಿಧಾನವಾಗಿ ತಿರುಗಿಸಿ, "ನೀವು ಹಿಡ್ಕೊಳ್ಳಿ ಅಣ್ಣ, ನಾನು ಬರೀತೀನಿ" ಎಂದ.

ಮೂರನೆಯ ವಾರ ತಿದ್ದಿದ ಚಿತ್ರ ಒಂದನ್ನು ಅಕ್ಕನ ಮುಂದೆ ಹಿಡಿದ. ಕಲಿತದ್ದನ್ನೆಲ್ಲ ಅದರಲ್ಲಿ ತುಂಬಿದ್ದ. ತೋಳಿನಲ್ಲಿ ಹಗ್ಗಗಳು ಹೊಸೆದಿದ್ದವು, ಬೆನ್ನಿನಲ್ಲಿ ಬೀಸಣಿಗೆಗಳು ಬಿಚ್ಚಿಕೊಂಡಿದ್ದವು, ಪಕ್ಕೆಯಲ್ಲಿ ಗರಗಸದ ಹಲ್ಲುಗಳು ಎದ್ದಿದ್ದವು. ಅಕ್ಕ ಕನ್ನಡಕ ಏರಿಸಿ ನೋಡಿದಳು.

"ಇವನು ಯಾಕೆ ಮೈಯನ್ನ ತಿರುವಿ ಹಾಕ್ಕೊಂಡಿದ್ದಾನೆ? ಹೊಲಿಗೆಯೆಲ್ಲ ಹೊರಗಡೆ ಬಂದಿದೆ."

"ಅದು ಸ್ನಾಯು ಅಕ್ಕಾ. ಎಲ್ಲಾ ಸರಿಯಾಗಿದೆ, ಪುಸ್ತಕ ನೋಡು ಬೇಕಾದ್ರೆ."

"ಇರಲಿ ಕಣೋ. ಕೋಟಿನ ಒಳಗೆ ಎಷ್ಟು ಕ್ಯಾನ್ವಾಸು, ಎಷ್ಟು ಹೊಲಿಗೆ ಇದೆ ಅಂತ ನನಗೆ ಗೊತ್ತಿರ್ಬೇಕು. ಅದನ್ನ ಹೊರಗಡೆ ತೋರಿಸಿದ್ರೆ ಯಾರು ಹಾಕ್ಕೊಳ್ತಾರೆ? ಇದನ್ನ ನೋಡಿದ್ರೆ ಕೈ ಎತ್ತೋದಿರಲಿ, ಎದ್ದು ಓಡ್ಬೇಕು ಅನ್ಸುತ್ತೆ."

ಪುಸ್ತಕದಲ್ಲಿ ಎಲ್ಲೂ ಸಿಗದ ಪಾಠ ಇದು ಎಂದು ಬೋರ್ಡಣ್ಣನಿಗೆ ಅನ್ನಿಸಿತು. ಒಳಗಿನದ್ದನ್ನು ತಿಳಿದುಕೊಂಡು, ಹೊರಗೆ ಮೂರೇ ಗೆರೆ ಎಳೆಯಬೇಕು. ಹಾಗಾದರೆ ಯಾವ ಮೂರು ಗೆರೆ? ಇದನ್ನು ತೀರ್ಮಾನಿಸಲು ಅವನು ಹಳೆಯ ಐದನೆಯ ಚಿತ್ರವನ್ನೂ ಪುಸ್ತಕದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಚೌಕ ಎಣಿಸತೊಡಗಿದ.

ಕೈ ನೆಲಕ್ಕೆ ಸಮಾನಾಂತರವಾಗಿ ಬಂದಾಗ ಪುಸ್ತಕದ ಮನುಷ್ಯನ ಭುಜದ ತುದಿ ಹೆಚ್ಚೂಕಡಿಮೆ ಇದ್ದಲ್ಲೇ ಇತ್ತು. ಬೋರ್ಡಣ್ಣ ಬರೆದವನ ಭುಜ ಒಂದೂವರೆ ಚೌಕ ಮೇಲೆ ಹೋಗಿತ್ತು. ಸರಿ, ಬರೆದದ್ದು ತಪ್ಪು ಎಂದುಕೊಂಡು, ಬಾಗಿಲು ಹಾಕಿ, ಏಣಿಗೆ ಗದ್ದ ಊರಿ, ಕನ್ನಡಿಯಲ್ಲಿ ಮತ್ತೆ ನೋಡಿ ಬರೆದ. ಒಂದೂವರೆ ಚೌಕ. ಕನ್ನಡಿ ಓರೆಯಾಗಿರಬೇಕು ಎಂದು ಸೀಸದ ಗುಂಡು ತೂಗುಬಿಟ್ಟು ನೆಟ್ಟಗೆ ಮಾಡಿ ಮೂರನೆಯ ಸಲ ಬರೆದ. ಮತ್ತೆ ಒಂದೂವರೆ ಚೌಕ. ಕೈ ತಪ್ಪಿ ಬರುವ ತಪ್ಪು ಒಂದೊಂದು ಸಲ ಒಂದೊಂದು ತೆರ ಇರುತ್ತದೆ; ಮೂರು ಸಲವೂ ಒಂದೇ ಅಳತೆಯಲ್ಲಿ ಬರುವುದಿಲ್ಲ. ಕೊನೆಗೆ ಎಡಗೈ ಎತ್ತಿ ನೋಡಿದ. ಎಡಭುಜ ಇದ್ದಲ್ಲೇ ನಿಂತು, ಕೈ ಸಲೀಸಾಗಿ ಮೇಲೆ ಹೋಯಿತು.

ಅವನು ಎಡಗೈಯನ್ನು ಬಲಭುಜದ ಮೇಲಿಟ್ಟುಕೊಂಡು ಬಲಗೈಯನ್ನು ಇನ್ನೊಮ್ಮೆ ಎತ್ತಿದ. ಎರಡು ತಿಂಗಳ ಹಿಂದೆ ಅಲ್ಲಿ ಬರೀ ಮೈ ಇತ್ತು. ಈಗ ಒಂದೊಂದಕ್ಕೂ ಹೆಸರಿತ್ತು. ಕೈ ಎತ್ತಬೇಕಾದ ಡೆಲ್ಟಾಯ್ಡ್ ಅರೆಮನಸ್ಸಿನಿಂದ ಕೆಲಸ ಮಾಡುತ್ತಿತ್ತು. ಅದಕ್ಕೆ ಬದಲಾಗಿ ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಟ್ರಪೀಜಿಯಸ್ ಇಡೀ ಭುಜವನ್ನೇ ಎಳೆದು ಮೇಲಕ್ಕೆ ತರುತ್ತಿತ್ತು. ಕಪಾಟಿನ ಬಾಗಿಲು ತೆರೆಯದಿದ್ದಕ್ಕೆ ಕಪಾಟನ್ನೇ ಎತ್ತಿದ ಹಾಗೆ. ಹನ್ನೆರಡು ಚಿತ್ರದಲ್ಲೂ ಅವನು ಎಲ್ಲೂ ತಪ್ಪಿರಲಿಲ್ಲ. ಗೆರೆಗೆ ಗೆರೆ ಸರಿಯಾಗಿ, ಕೆಟ್ಟುಹೋದ ಒಂದು ಭುಜವನ್ನು ಗೋಡೆಗೆ ಏರಿಸಿದ್ದ. ಹನ್ನೊಂದು ಜನ ಅದನ್ನು ಕಷ್ಟಪಟ್ಟು ಕಲಿತಿದ್ದರು.

ಬನಿಯನ್ನಿನಲ್ಲೇ ಅಂಗಡಿಗೆ ಬಂದ. "ಅಕ್ಕಾ, ನನ್ನ ಭುಜದ ಅಳತೆ ತಗೋ. ಎರಡೂ ಕಡೆ."

"ತಗೊಳ್ಳೋದೇನು, ಇದೆಯಲ್ಲ." ಅವಳು ಅಳತೆ ಪುಸ್ತಕ ತೆರೆದು ಅವನ ಹಾಳೆಗೆ ಬೆರಳಿಟ್ಟಳು. "ಬಲಗಡೆ ಅರ್ಧ ಇಂಚು ಏರು. ಆರು ವರ್ಷದಿಂದ ಹೀಗೇ ಇದೆ. ಎಡಗಡೆ ಒಂದು ಪದರ ಕ್ಯಾನ್ವಾಸು ಜಾಸ್ತಿ ಇಟ್ಟು ಸಮ ಮಾಡ್ತೀನಿ."

"ಆರು ವರ್ಷದಿಂದ ಗೊತ್ತಾ? ಯಾಕೆ ಹೇಳ್ಲಿಲ್ಲ?"

"ಹೊಟ್ಟೆ ಬಂದೋರಿಗೆ ನಿಮಗೆ ಹೊಟ್ಟೆ ಬಂದಿದೆ ಅಂತ ಹೇಳ್ತೀನಾ? ಎರಡು ಇಂಚು ಬಿಟ್ಟು ಹೊಲೀತೀನಿ, ಅಷ್ಟೆ. ಏಣಿ ಮೇಲೆ ನಿಂತು ಕೈ ಎತ್ತಿ ಎತ್ತಿ ಹಾಗಾಗಿರುತ್ತೆ ಅಂದ್ಕೊಂಡೆ. ಯಾಕೆ, ಅಂಗಿ ಹಿಡಿಯುತ್ತಾ?"

ಬೋರ್ಡಣ್ಣ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತುಬಿಟ್ಟ. ನಗಬೇಕೋ ಬೇಡವೋ ತಿಳಿಯಲಿಲ್ಲ.

ಹಾಗಾದರೆ ಸರಿಯಾದ ಭುಜ ಎಲ್ಲಿ? ಸಿಲಿಂಡರಿನವನನ್ನು ಮತ್ತೆ ಕೇಳುವ ಧೈರ್ಯ ಇರಲಿಲ್ಲ. ಮರುದಿನ ಮಧ್ಯಾಹ್ನ ಊಟ ಮುಗಿಸಿ, ಬನಿಯನ್ನು ತೊಟ್ಟ ಭಾವ ಬೆತ್ತದ ಕುರ್ಚಿಯಲ್ಲಿ ಮುಂದಕ್ಕೆ ಸರಿದು, ಕಣ್ಣು ಮುಚ್ಚಿ, ಬಾಯಿ ಅಗಲವಾಗಿ ತೆರೆದು, ಎರಡೂ ಕೈಗಳನ್ನು ನಿಧಾನವಾಗಿ ಮೇಲಕ್ಕೆತ್ತಿ ಮೈಮುರಿದರು. ಹಿಂದೆ ಕೂತು ಕುಂಚ ತೊಳೆಯುತ್ತಿದ್ದ ಬೋರ್ಡಣ್ಣನ ಕೈ ನಿಂತಿತು. ಭಾವನ ಬೆನ್ನಿನ ಎರಡು ತ್ರಿಕೋನ ಮೂಳೆಗಳು ಕೈಗಳ ಜೊತೆಗೇ ಹೊರಗಡೆಗೆ ತಿರುಗುತ್ತ, ಕೈ ಎರಡು ಪಾಲು ಏರಿದರೆ ಮೂಳೆ ಒಂದು ಪಾಲು ತಿರುಗುತ್ತ, ಪುಸ್ತಕದಲ್ಲಿ ಹೇಳಿದ ಪ್ರಮಾಣದಲ್ಲೇ, ಬೆಣ್ಣೆಯ ಮೇಲೆ ಜಾರಿದಂತೆ ಸಾಗಿದವು. ಕೈಗಳು ಕಿವಿಯ ಪಕ್ಕದಲ್ಲಿ ನೆಟ್ಟಗೆ ಆಕಾಶಕ್ಕೆ ನಿಂತವು. ಮೂವತ್ತನಾಲ್ಕು ವರ್ಷ ಕಿಟಕಿಯ ಹಿಂದೆ ಕೂತು, ದಿನಕ್ಕೆ ಹತ್ತು ಸಲ ಇದೊಂದನ್ನೇ ಶ್ರದ್ಧೆಯಿಂದ ಮಾಡುತ್ತ ಬಂದಿದ್ದರಿಂದ ಆ ಭುಜಗಳಿಗೆ ತುಕ್ಕು ಎಂಬುದೇ ತಿಳಿದಿರಲಿಲ್ಲ.

"ಭಾವ! ಇನ್ನೊಂದ್ಸಲ ಆಕಳಿಸಿ."

"ಹೇಳಿದ್ರೆ ಬರಲ್ಲವೋ ಅದು" ಎಂದರು ಭಾವ. ಜೀವಮಾನದಲ್ಲಿ ಮೊದಲ ಬಾರಿಗೆ ಅವರು 'ಬರಲ್ಲ' ಎಂದದ್ದು ಅವತ್ತೇ ಇರಬೇಕು. ಆದರೂ ನಾಲ್ಕು ಮಧ್ಯಾಹ್ನ ಅವರು ಸಹಕರಿಸಿದರು. ಆಕಳಿಕೆ ತಾನಾಗಿ ಬರಲೆಂದು ಬೋರ್ಡಣ್ಣ ಅವರಿಗೆ ಹಳೆಯ ಬಸ್ ವೇಳಾಪಟ್ಟಿ ಓದಿ ಹೇಳುತ್ತಿದ್ದ. ಮಾಂಸದ ಕೆಳಗೆ ಎಲ್ಲಿ ಏನಿದೆ ಎಂದು ಈಗ ಗೊತ್ತಿದ್ದರಿಂದ, ಹೊರಗೆ ಕಾಣದಿದ್ದರೂ ಪರವಾಗಿರಲಿಲ್ಲ. ಹೆಗಲೆಲುಬಿಗೆ ಒಂದು ಗೆರೆ, ಭುಜದ ಟೋಪಿಗೆ ಒಂದು, ಪಕ್ಕೆಗೆ ಒಂದು. ಉಳಿದದ್ದೆಲ್ಲ ಒಬ್ಬ ಸಾಧಾರಣ, ದಪ್ಪಗಿನ, ನೆಮ್ಮದಿಯ ಮನುಷ್ಯ.

ಗೋಡೆಯ ಮೇಲೆ ಹೊಸ ಹನ್ನೆರಡು ಚಿತ್ರ ಬಂದ ದಿನ ಪೋಸ್ಟ್ ಮಾಸ್ತರರು ಅವುಗಳ ಎದುರು ಒಂದೊಂದು ನಿಮಿಷ ನಿಂತು ಪರಿಶೀಲಿಸಿದರು. "ಈ ಮನುಷ್ಯನಿಗೆ ಯಾವ ಅವಸರವೂ ಇಲ್ಲ. ಇವರನ್ನ ಅನುಸರಿಸಬಹುದು" ಎಂದು ಒಪ್ಪಿಗೆ ಕೊಟ್ಟರು. ಮೇಡಂ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಚಿತ್ರಕ್ಕೇ ಹಿಡಿದು ನೋಡಿ, "ಇಷ್ಟು ಬೇಗ ಹೇಗೆ ಕಲಿತ್ರಿ?" ಎಂದು ಕೇಳಿದಳು. ಆಗ ಬೋರ್ಡಣ್ಣ ಏಣಿ, ಬನಿಯನ್ನು, ಒಂದೂವರೆ ಚೌಕ ಎಲ್ಲವನ್ನೂ ಒಪ್ಪಿಕೊಂಡ.

ಮೇಡಂ ಬಹಳ ಹೊತ್ತು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಕೈ ಎತ್ತಿ" ಎಂದಳು. ಅಲ್ಲಿ ಇಲ್ಲಿ ಒತ್ತಿ ನೋಡಿದಳು. "ನಾನು ಓದಿದವಳು, ನನಗೇ ಹೊಳೀಲಿಲ್ಲ ನೋಡಿ. ಅವತ್ತು ಗೋಡೆ ಮೇಲೆ ಇದ್ದದ್ದು ಚಿತ್ರ ಅಲ್ಲ, ರೋಗಿ. ನಾಳೆಯಿಂದ ಬನ್ನಿ."

"ಇನ್ನೂ ಚಿತ್ರ ಬೇಕಾ ಮೇಡಂ?"

"ಚಿತ್ರಕ್ಕಲ್ಲ ರೀ, ಕೈಗೆ. ಹೀಗೇ ಏಣಿ ಹತ್ತುತ್ತಾ ಹೋದ್ರೆ ಇನ್ನೆರಡು ವರ್ಷಕ್ಕೆ ಕುಂಚ ಎತ್ತೋಕೂ ಆಗಲ್ಲ."

ಅಕ್ಕನ ಯಂತ್ರದ ಎದುರಿಗೂ ಹೊಸ ಪ್ರತಿ ಬಂತು. ಅವಳು ಅದನ್ನು ನೋಡಿ, "ಇವರನ್ನ ನೋಡಿ ನಾನು ಕಸರತ್ತು ಮಾಡ್ಬೇಕಾ? ನೋಡಿದ್ರೆ ನಿದ್ದೆ ಬರುತ್ತೆ" ಎಂದಳು. ಮೊದಲ ದಿನ ಎರಡು ಸಲ ಕೈ ಎತ್ತಿದಳು, ಎರಡನೆಯ ದಿನ ಒಂದು ಸಲ, ಆಮೇಲೆ ಇಲ್ಲ. ಒಂದು ಸಂಜೆ ಬೋರ್ಡಣ್ಣ ಬಂದಾಗ ಅವಳು ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಹಳೆಯ ಚಿಂದಿಯ ಮೇಲೆ ಕತ್ತರಿಸುವುದನ್ನು ಅಭ್ಯಾಸ ಮಾಡುತ್ತಿದ್ದಳು. ಅವನನ್ನು ಕಂಡು ಚಿಂದಿಯನ್ನು ಮಡಿಲಿಗೆ ಎಳೆದುಕೊಂಡಳು.

"ಅಕ್ಕಾ, ಚಿತ್ರ ಈಗ ಸರಿ ಇದೆಯಲ್ಲ. ಯಾಕೆ ಮಾಡ್ತಿಲ್ಲ?"

ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಮೊದಲು ಚಿತ್ರ ತಪ್ಪಾಗಿತ್ತು, ಕೈ ಬರ್ಲಿಲ್ಲ. ಸರಿ. ಈಗ ಚಿತ್ರ ಸರಿ ಇದ್ದೂ ಬರ್ಲಿಲ್ಲ ಅಂದ್ರೆ? ಆಗ ಕೈಯೇ ಹೋಯ್ತು ಅಂತ ಆಗುತ್ತಲ್ಲೋ."

ಈ ಭಯ ಯಾವ ಮೂಳೆಯಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ಪುಸ್ತಕದಲ್ಲಿರಲಿಲ್ಲ. ಬೋರ್ಡಣ್ಣನ ಬಾಯಿಗೆ ಬಂದದ್ದು ತನ್ನದೇ ಮಾತು.

"ನನ್ನನ್ನೂ ನಾಳೆ ಕರೆದಿದ್ದಾರೆ. ನಿಜ ಹೇಳ್ತೀನಿ, ನನಗೆ ಹೆದರಿಕೆ ಆಗ್ತಿದೆ. ನೀನೂ ಬಾ. ನೀನು ಏನೂ ಮಾಡ್ಬೇಡ, ಸುಮ್ಮನೆ ಕೂತಿರು."

"ಐವತ್ತು ವರ್ಷದ ಕತ್ತೆ ನೀನು. ಡಾಕ್ಟರ ಹತ್ರ ಹೋಗೋಕೆ ಅಕ್ಕ ಬೇಕಾ?"

"ಬೇಕು."

ಅವಳು ಚಿಂದಿಯನ್ನು ಕೊಡವಿ ಎದ್ದಳು. "ಒಳ್ಳೇ ಅಂಗಿ ಹಾಕ್ಕೊಂಡು ಬಾ. ಆ ಬನಿಯನ್ನಲ್ಲಿ ಬಂದ್ರೆ ನಾನು ಬರಲ್ಲ."

ಮೊದಲ ದಿನ ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ, ಬೇಕಾದರೆ ಓಡಲು ಅನುಕೂಲವಾಗುವಂತೆ ಕೂತಳು. ಬೋರ್ಡಣ್ಣ ಗೋಡೆಯ ಮೇಲಿನ ಭಾವನನ್ನು ನೋಡಿಕೊಂಡು ಕೈ ಎತ್ತಿದ. ಭುಜ ಹಳೆಯ ಚಾಳಿಯಂತೆ ಕಿವಿಗೆ ಹೊರಟಿತು. ಹತ್ತು ಸಲ ಎತ್ತಿದರೂ ಹಾಗೇ.

ಹನ್ನೊಂದನೆಯ ಸಲಕ್ಕೆ ಅಕ್ಕನಿಗೆ ತಡೆಯಲಿಲ್ಲ. "ಭುಜ ಇಳಿಸೋ! ಕೆಳಗಿಳಿಸು! ಬರೆದವನು ನೀನೇ, ಎದುರಿಗೇ ಇದೆ, ಕಾಣ್ಸಲ್ವಾ?"

"ಇಳೀತಾ ಇಲ್ಲ ಅಕ್ಕಾ."

"ಇಳಿಯುತ್ತೆ. ಇಲ್ನೋಡು." ಅವಳು ಚೀಲವನ್ನು ಬೆಂಚಿನ ಮೇಲಿಟ್ಟು ಎದ್ದು ಬಂದು, ಅವನ ಭುಜವನ್ನು ಎಡಗೈಯಿಂದ ಕೆಳಕ್ಕೆ ಒತ್ತಿ ಹಿಡಿದು, ತನ್ನ ಬಲಗೈಯನ್ನು ಎತ್ತಿ ತೋರಿಸಲು ಹೋದಳು. ಎದೆಯ ಮಟ್ಟಕ್ಕೆ ಬಂದು ಅದು ನಿಂತಿತು. ಮುಖ ಕಿವುಚಿದಳು. ಆದರೆ ಅವಳ ಭುಜ ಮಾತ್ರ ಕೆಳಗೇ ಇತ್ತು.

ಮೇಡಂ ದೂರದಿಂದ ನೋಡಿದಳು, ಹತ್ತಿರ ಬರಲಿಲ್ಲ. "ಅಕ್ಕಾವ್ರೇ, ನಿಮ್ಮ ತಮ್ಮನಿಗೆ ನನ್ನ ಮಾತು ಅರ್ಥ ಆಗಲ್ಲ. ನೀವು ದಿನಾ ಬಂದು ಹೀಗೇ ತೋರಿಸಿಕೊಡಿ. ನೋಯುತ್ತೆ ಅನ್ಸಿದ ಕಡೆ ಸ್ವಲ್ಪ ನಿಲ್ಲಿಸಿ, ಉಸಿರು ಬಿಡಿ. ಅವರಿಗೂ ಹಾಗೇ ಹೇಳಿಕೊಡಿ" ಎಂದಷ್ಟೇ ಹೇಳಿದಳು.

"ಇವನಿಗೆ ಚಿಕ್ಕಂದಿನಿಂದ ಎಲ್ಲಾ ನಾನೇ ತೋರಿಸಿಕೊಡಬೇಕಾಯ್ತು" ಎಂದು ಅಕ್ಕ ನಿಟ್ಟುಸಿರುಬಿಟ್ಟಳು.

ಹೀಗೆ ಬೆಳಗ್ಗೆ ಹತ್ತಕ್ಕೆ ಅಂಗಡಿ ತೆರೆಯುವ ಮುಂಚೆ ಇಬ್ಬರೂ ಆಸ್ಪತ್ರೆಗೆ ಹೋಗಿಬರತೊಡಗಿದರು. ಅವನು ಹತ್ತು ಸಲ ಎತ್ತಿದರೆ ಅವಳು ಹನ್ನೆರಡು ಸಲ ತೋರಿಸಿಕೊಡುತ್ತಿದ್ದಳು, ಏಕೆಂದರೆ ಅವನು ಹತ್ತೂ ಸಲ ತಪ್ಪುತ್ತಿದ್ದ. ಮೂರನೆಯ ವಾರದಿಂದ ಅವನಿಗೆ ಸರಿಯಾಗಿಯೇ ಬರುತ್ತಿತ್ತು. ಆದರೂ ಬೇಕೆಂದೇ ದಿನಕ್ಕೆ ನಾಲ್ಕೈದು ತಪ್ಪು ಉಳಿಸಿಕೊಂಡಿದ್ದ. ಬೈಗುಳ ತಿನ್ನುವುದು ಅವನಿಗೆ ಅಭ್ಯಾಸವಾಗಿತ್ತು.

ಏಳನೆಯ ವಾರ ಮೇಡಂ ಅವನ ಕೈಗೆ ಅಳತೆಪಟ್ಟಿ ಹಿಡಿದು ಕಾಗದದಲ್ಲಿ ಬರೆದುಕೊಳ್ಳುವಾಗ ಅಕ್ಕ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಅಳತೆ ಎಂದರೆ ಅವಳ ಕಣ್ಣು ತಾನಾಗಿ ಅತ್ತ ಹೋಗುತ್ತಿತ್ತು. ಕಾಗದದ ಮೇಲೆ ಬೋರ್ಡಣ್ಣನ ಹೆಸರು, ಅದರ ಕೆಳಗೆ ಕೈ ಎಷ್ಟು ಡಿಗ್ರಿ ಏರಿತೆಂದು ವಾರಕ್ಕೊಂದು ಅಂಕಿ. ಅಂಚಿನಲ್ಲಿ ಪೆನ್ಸಿಲಿನಿಂದ, ಹೆಸರಿಲ್ಲದೆ, ಇನ್ನೊಂದು ಸಾಲು: ಎಂಬತ್ತು, ಎಂಬತ್ತೈದು, ಎಂಬತ್ತೈದು, ತೊಂಬತ್ತೆರಡು, ನೂರು, ನೂರ ಎಂಟು.

"ಇದು ಯಾರ ಅಳತೆ?"

"ಇವರಿಗೆ ತೋರಿಸಿಕೊಡೋರದ್ದು" ಎಂದಳು ಮೇಡಂ. "ನೀವು ಅವರನ್ನ ಬೈಯೋದ್ರಲ್ಲಿ ಇರುವಾಗ ಹಿಂದಿನಿಂದ ಹಿಡಿದು ನೋಡಿದ್ದು. ಈ ವಾರದ್ದು ಇನ್ನೂ ತಗೊಂಡಿಲ್ಲ."

ಅಕ್ಕ ಆ ಸಾಲನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದಳು. ತಮ್ಮನ ಕಡೆ ತಿರುಗಿದಳು. ಅವನು ಗೋಡೆಯ ಮೇಲಿನ ಭಾವನನ್ನು ಇಂದೇ ಮೊದಲು ಕಂಡವನಂತೆ ನೋಡುತ್ತಿದ್ದ. ಅವಳು ಸೆರಗಿಲ್ಲದ ಹೆಗಲನ್ನು ಒಮ್ಮೆ ಕೆಳಗಿಳಿಸಿ, ಕನ್ನಡಕ ತೆಗೆದು ಅವನ ಕೈಗೆ ಕೊಟ್ಟು, ಬಲಗೈಯನ್ನು ಮೇಡಂ ಮುಂದೆ ಚಾಚಿದಳು.

"ಈ ಸಲ ಎದುರಿಗೇ ಹಿಡೀರಿ. ಪೆನ್ಸಿಲು ಬೇಡ, ಪೆನ್ನಲ್ಲಿ ಬರೀರಿ."